ಬಾಗಿಲು ಕಿತ್ತ ವರ್ಷ

ಹರದನಹಳ್ಳಿಯಲ್ಲಿ ಬಸ್ಸಿಳಿದು ಮದುವೆ ಮನೆಯ ಚಪ್ಪರ ಕಣ್ಣಿಗೆ ಬೀಳುವ ಮೊದಲೇ ಆ ವಾಸನೆ ಬಂತು. ರೇಷ್ಮೆಗೂಡು ಬೇಯುವ ವಾಸನೆ. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು, ಇಲ್ಲೇನೋ ಸತ್ತಿದೆ ಅನ್ನುತ್ತಾರೆ. ಸತ್ತಿರುವುದೂ ನಿಜವೇ, ಗೂಡಿನೊಳಗೆ ಹುಳು ಬೆಂದಿರುತ್ತದೆ. ಈಗ ನೂಲು ತೆಗೆಯುವವರು ಬೆರಳೆಣಿಕೆಯಷ್ಟು ಜನ. ಆ ಬೀದಿಯಲ್ಲಿ ಯಾರೋ ಪುಣ್ಯಾತ್ಮರು ಇನ್ನೂ ಒಲೆ ಹೊತ್ತಿಸಿದ್ದರು. ನಾನು, ಐವತ್ತು ದಾಟಿದ ಹೆಡ್ ಮಿಸ್ಸು, ರೇಷ್ಮೆ ಸೀರೆ ಉಟ್ಟುಕೊಂಡು, ಬೀದಿಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಮದುವೆ ಜವರನ ಮಗಳದು. ಜವರನ ಎಡಗಿವಿಯಿಂದ ಹೆಗಲಿನವರೆಗೆ ಚರ್ಮ ಸುಟ್ಟು ಸುಕ್ಕಾಗಿದೆ. ಸುಟ್ಟವಳು ನಾನು. ಕೈಜಾರಿ ಬಿದ್ದದ್ದಲ್ಲ, ಬಕೆಟ್ಟಿನಲ್ಲಿ ಕುದಿಯುವ ನೀರು ತುಂಬಿ, ಗುರಿ ಇಟ್ಟು ಎರಚಿದ್ದು. ಕೋಪ ನನಗೆ ಹುಟ್ಟಿನಿಂದಲೂ ಮೂಗಿನ ತುದಿಯಲ್ಲೇ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೀ ಕೋಪ ಎಂದರೆ ಸುಳ್ಳಾಗುತ್ತದೆ.

ಆ ವರ್ಷ ಚಾಮರಾಜನಗರ ಹೊಸದಾಗಿ ಜಿಲ್ಲೆಯಾಗಿತ್ತು. ಆಫೀಸು ಬರುತ್ತವೆ, ಕ್ವಾರ್ಟರ್ಸು ಬರುತ್ತವೆ ಎಂದು ಊರಂಚಿನ ಅಂಗೈಯಗಲ ಜಾಗಕ್ಕೂ ಬೆಲೆ ಏರಿತ್ತು. ನಮ್ಮ ಮನೆ ಊರಂಚಿನಲ್ಲೇ ಇತ್ತು. ಅಪ್ಪ ಕಟ್ಟಿಸಿದ ಹೆಂಚಿನ ಮನೆ, ಹಿಂದೆ ಒಂದು ಶೆಡ್ಡು, ಶೆಡ್ಡಿನಲ್ಲಿ ನನ್ನ ಅಣ್ಣ ಮಾದೇವನ ಎರಡು ಚರಕ. ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಹಿಡಿದು ತರುವುದು, ಒಲೆಯ ಮೇಲಿನ ದೊಡ್ಡ ಬಾನಿಯಲ್ಲಿ ಬೇಯಿಸುವುದು, ಬಿಸಿನೀರಲ್ಲೇ ಬೆರಳಾಡಿಸಿ ಎಳೆಯ ತುದಿ ಹುಡುಕಿ ನೂಲು ತೆಗೆಯುವುದು ಅವನ ಕಸುಬು. ಅಪ್ಪ ಸತ್ತ ಮೇಲೆ ಆ ನೂಲಿನಲ್ಲೇ ನನ್ನನ್ನು ಟಿ.ಸಿ.ಎಚ್. ಓದಿಸಿದ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ತಂಗಿಯದು ಮೊದಲು ಆಗಲಿ ಎಂದು ಕಾಯುತ್ತಿದ್ದ.

ಹಿಂದಿನ ವರ್ಷವೇ ನೂಲಿನ ಬೆಲೆ ಬಿದ್ದಿತ್ತು. ಚೀನಾದ ನೂಲು ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಗೂಡಿಗೆ ಕೊಟ್ಟ ದುಡ್ಡು ನೂಲಿನಲ್ಲಿ ಹುಟ್ಟುತ್ತಿರಲಿಲ್ಲ. ಬೀದಿಯಲ್ಲಿ ಒಂದೊಂದೇ ಒಲೆ ಆರಿದವು. ಅಣ್ಣ ಮಾತ್ರ "ಮುಂದಿನ್ ವಾರ ಏರ್ತದೆ ಬುಡವ್ವ" ಎನ್ನುತ್ತ ಒಲೆ ಹೊತ್ತಿಸುತ್ತಲೇ ಇದ್ದ. ಏರಲಿಲ್ಲ. ಫೈನಾನ್ಸ್ ಪುಟ್ಟಪ್ಪ ಎನ್ನುವವನ ಹತ್ತಿರ ಹತ್ತು ಸಾವಿರ ಸಾಲ ತಂದ. ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ, ಕಟ್ಟದಿದ್ದರೆ ಬಡ್ಡಿಗೂ ಬಡ್ಡಿ. ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಿಕೊಟ್ಟು ಬಂದ. ಅವ್ವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ನನಗೆ ಗೊತ್ತಾದದ್ದು ಬೇಗೂರಿನಲ್ಲಿ. ಅಲ್ಲಿನ ಸ್ಕೂಲಿಗೆ ಟೀಚರಾಗಿ ಸೇರಿ ಎರಡನೇ ವರ್ಷ. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು, ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಮನೆಗೆ ಹೋಗುತ್ತಿದ್ದೆ. ಜುಲೈನ ಒಂದು ದಿನ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದ್ದಾಗ ಗೇಟಿನಲ್ಲಿ ಒಬ್ಬ ಬಂದು ನಿಂತ. ಬಿಳಿ ಶರಟು, ಮಡಿಸಿದ ತೋಳು, ಕಬ್ಬಿಣದಂಥ ಮುಂಗೈ. ಅವನೇ ಜವರ, ಪುಟ್ಟಪ್ಪನ ವಸೂಲಿಯ ಆಳು. ಆಗಿನ್ನೂ ಮೂವತ್ತಾಗದ ಆಳು. ಅವನ ಊರು ಹರದನಹಳ್ಳಿಯೇ ನಮ್ಮ ಅವ್ವನ ತವರು, ಹಾಗಾಗಿ ಮುಖ ನೋಡಿದ ಗುರುತು ನನಗಿತ್ತು.

"ನಿಮ್ಮಣ್ಣ ಬಡ್ಡಿ ಕಟ್ಟಿಲ್ಲ ಟೀಚರಮ್ಮ. ಸಂಬ್ಳ ಆಗದೆ ಅಂದ್ರು. ಕೊಟ್ಬುಡಿ, ಓಯ್ತೀನಿ" ಅಂದ, ಇನ್ನೂರು ಮಕ್ಕಳ ಎದುರಿಗೆ.

"ಯಾವ ಬಡ್ಡಿ? ಯಾರಿಗೆ?" ಎಂದೆ. ಅವನು ನಕ್ಕು ನನ್ನ ಹೆಗಲ ಚೀಲಕ್ಕೆ ಕೈ ಹಾಕಿದ. ಪಟ್ಟಿ ಕಿತ್ತುಬಂತು. ನನ್ನ ಕೈಯಲ್ಲಿ ಮರದ ಸ್ಕೇಲಿತ್ತು. ಅಂಚು ತಿರುಗಿಸಿ ಅವನ ಗೆಣ್ಣಿನ ಮೇಲೆ ಬಾರಿಸಿದೆ, ಸ್ಕೇಲು ಎರಡು ತುಂಡಾಯಿತು. ಅವನು ಬೆರಳು ಊದಿಕೊಳ್ಳುತ್ತ, "ಮನೆಗೋಗಿ ನಿಮ್ಮಣ್ಣುಂಗೆ ಒಡೀರಿ, ಉಪಯೋಗ ಆಯ್ತದೆ" ಎಂದು ಹೇಳಿ ಹೋದ. ಹಿಂದೆ ಯಾವುದೋ ಮಗು ಕಿಸಕ್ಕನೆ ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನ ಮಾತು ನಡೆಸಿಕೊಟ್ಟೆ. ಶನಿವಾರ ಮನೆಗೆ ಹೋದವಳೇ ಶೆಡ್ಡಿಗೆ ನುಗ್ಗಿ, ಚರಕದ ಮುಂದೆ ಕೂತಿದ್ದ ಅಣ್ಣನ ಕೆನ್ನೆಗೆ ಹೊಡೆದೆ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ. ಒಂದು ಸಲವಲ್ಲ, ನಾಲ್ಕು ಸಲ ಹೊಡೆದೆ. ಅವನು ಕೈ ಎತ್ತಲಿಲ್ಲ.

"ಎಷ್ಟಾಗದೆ?" ಅವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ದೀಪಾವಳಿ ಗಂಟ ಸೇರ್ಸಿ ಮೂವತ್ತೊಂದು ಸಾವಿರ ಅಂತವ್ರೆ."

"ತಕಂಡದ್ದು?"

"ಹತ್ತು."

"ಮನೆ ಮ್ಯಾಲೆ ಬರ್ಕೊಟ್ಟಿದ್ದೀಯಾ?"

ಅಣ್ಣ ತಲೆ ತಗ್ಗಿಸಿದ. ದೀಪಾವಳಿ ಅಮಾವಾಸ್ಯೆಯೊಳಗೆ ಪೂರ್ತಿ ಕಟ್ಟದಿದ್ದರೆ ಖಾಲಿ ಪೇಪರಿನಲ್ಲಿ ಮನೆಯ ಕರಾರು ಬರೆದುಕೊಳ್ಳುತ್ತಾರೆ. ಪುಟ್ಟಪ್ಪನಿಗೆ ಬೇಕಾಗಿದ್ದದ್ದು ದುಡ್ಡಲ್ಲ, ಜಾಗ. ದುಡ್ಡು ಬಂದರೆ ಅವನಿಗೆ ನಷ್ಟ. ಅದು ನನಗೆ ಆ ದಿನವೇ ಅರ್ಥವಾಯಿತು, ಅಣ್ಣನಿಗೆ ಒಂದು ವರ್ಷವಾದರೂ ಆಗಿರಲಿಲ್ಲ. ಪೆದ್ದು ಮುಂಡೇದು ಎಂದು ಮನಸ್ಸಾರೆ ಬೈದೆ.

ಮುಂದಿನ ಎರಡು ತಿಂಗಳು ನಾನು ಕಾಡಿ ಬೇಡದ ಜಾಗವಿಲ್ಲ. ಬ್ಯಾಂಕಿನಲ್ಲಿ ಚರಕದ ಸಾಲ ಮೊದಲೇ ಬಾಕಿ ಇತ್ತು, ಮುಖ ಎತ್ತದೆ ಇಲ್ಲ ಎಂದರು. ಗುಂಡ್ಲುಪೇಟೆಯಲ್ಲಿ ಅಪ್ಪನ ಗೆಳೆಯರೊಬ್ಬರು ಕಾಫಿ ಕೊಟ್ಟು, ತಮ್ಮ ಕಷ್ಟ ಹೇಳಿಕೊಂಡು ಕಳಿಸಿದರು. ನಮ್ಮ ಹೆಡ್ ಮೇಷ್ಟರು ಜಾಮೀನು ನಿಂತು ಮೇಷ್ಟರ ಸೊಸೈಟಿಯಲ್ಲಿ ಎಂಟು ಸಾವಿರ ಕೊಡಿಸಿದರು, ಅವರ ಹೊಟ್ಟೆ ತಣ್ಣಗಿರಲಿ. ಇನ್ನೂ ಇಪ್ಪತ್ತಮೂರು ಸಾವಿರ ಬೇಕಿತ್ತು. ಪಕ್ಕದ ಮನೆಯವಳೊಬ್ಬಳು, "ರತ್ನಮ್ಮಿ ಮದ್ವೆ ಮಾಡ್ಬುಡಿ, ಮುಯ್ಯಿ ದುಡ್ಡು ಬತ್ತದೆ, ಅದ್ರಲ್ಲೆ ತೀರಿಸ್ಕಳಿ" ಎಂದಳು. ಸಾಲ ತೀರಿಸೋಕೆ ನನ್ನ ಕೊರಳು ಕೊಡಬೇಕಾ ಎಂದು ಅವಳ ಮೇಲೆ ಹರಿಹಾಯ್ದೆ. ಆದರೆ ಅವ್ವ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ನನಗದು ಗೊತ್ತಾಗಲಿಲ್ಲ.

ಗೌರಿಹಬ್ಬ ಕಳೆದ ಎರಡನೇ ಶನಿವಾರ ಬಸ್ಸಿಳಿದು ಬೀದಿಗೆ ತಿರುಗಿದಾಗ ನಮ್ಮ ಮನೆಯ ಮುಂದೆ ಟೆಂಪೋ ನಿಂತಿತ್ತು. ಜವರ ಮತ್ತು ಇಬ್ಬರು ಹಾರೆ ಹಾಕಿ ಮುಂಬಾಗಿಲನ್ನು ಮೀಟುತ್ತಿದ್ದರು. ಹಲಸಿನ ಮರದ ಬಾಗಿಲು, ಅಪ್ಪ ಹಿತ್ತಾಳೆ ಗುಬುಟು ಹೊಡೆಸಿದ್ದು. ನಮ್ಮ ಕಡೆ ಸಾಲಗಾರನ ಮಾನ ಕಳೆಯಬೇಕೆಂದರೆ ಪಾತ್ರೆ ಪಗಡ ಒಯ್ಯುವುದಿಲ್ಲ, ಬಾಗಿಲು ಕೀಳುತ್ತಾರೆ. ಬಾಗಿಲಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ, ಅಂಥ ಮನೆಯಿಂದ ಹೆಣ್ಣು ತರುವುದೂ ಇಲ್ಲ. ಅವ್ವ ಹೊಸಿಲ ಮೇಲೆ ಕೂತು ಎರಡೂ ಕೈಯಲ್ಲಿ ಬಾಗಿಲುವಾಡ ತಬ್ಬಿದ್ದಳು. ಒಬ್ಬ ಅವಳ ತೋಳು ಹಿಡಿದು ಪಕ್ಕಕ್ಕೆ ಎಸೆದ. ಜಗಲಿಯ ಅಂಚಿಗೆ ತಲೆ ಬಡಿದು ಹಣೆಯಿಂದ ರಕ್ತ ಹರಿಯಿತು. ಬೀದಿಯ ಜನ ಅವರವರ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅಣ್ಣ ಶೆಡ್ಡಿನಿಂದ ಸೌದೆ ಹಿಡಿದು ಓಡಿಬಂದು ಜವರನ ಬೆನ್ನಿಗೆ ಹೊಡೆದ. ಒಂದೇ ಏಟು. ಜವರ ತಿರುಗಿ ಅವನ ಕೊರಳಪಟ್ಟಿ ಹಿಡಿದು, ನಾಯಿ ಎಳೆದ ಹಾಗೆ ಎಳೆದುಕೊಂಡು ಶೆಡ್ಡಿಗೆ ಹೋದ. ನಾನು ಹಿಂದೆ ಓಡಿದೆ. ಒಲೆಯ ಮೇಲೆ ಬಾನಿ ಕುದಿಯುತ್ತಿತ್ತು, ಗೂಡು ಮೇಲೆ ಕೆಳಗೆ ಹೊರಳುತ್ತಿದ್ದವು.

"ಈ ಕೈಲಲ್ವೇನ್ಲಾ ಸೈನ್ ಮಾಡ್ದೆ? ಈ ಕೈಲಲ್ವೇನ್ಲಾ ಒಡ್ದೆ?" ಎನ್ನುತ್ತ ಜವರ ಅಣ್ಣನ ಬಲಗೈಯನ್ನು ಮಣಿಕಟ್ಟಿನವರೆಗೆ ಬಾನಿಯೊಳಗೆ ಅದುಮಿ ಹಿಡಿದ.

ಅಣ್ಣ ಕಿರುಚಿದ ದನಿ ಮನುಷ್ಯರದ್ದಾಗಿರಲಿಲ್ಲ. ನಾನು ಜವರನ ತೋಳಿಗೆ ಬಾಯಿ ಹಾಕಿದೆ. ಅವನ ರಕ್ತದ ಉಪ್ಪು ನಾಲಗೆಗೆ ಹತ್ತಿತು, ಆದರೂ ಬಿಡಲಿಲ್ಲ. ಮೊಣಕೈಯಿಂದ ನನ್ನ ದವಡೆಗೆ ಗುದ್ದಿದ ಮೇಲೆ ಬಾಯಿ ಬಿಟ್ಟಿತು. ಒಂದು ಹಲ್ಲು ಅಲ್ಲಾಡಿತು, ಅದು ಈಗಿಲ್ಲ. ಅಷ್ಟರಲ್ಲಿ ಬಾಗಿಲು ಟೆಂಪೋ ಹತ್ತಿತ್ತು.

ಆಸ್ಪತ್ರೆಯಲ್ಲಿ ಅಣ್ಣನ ಕೈಯ ಚರ್ಮ ಕೈಗವಸಿನ ಹಾಗೆ ಕಳಚಿಬಂತು. ಮೂರು ಬೆರಳು ಮಡಚಿಕೊಂಡು ಅಂಟಿಹೋದವು. ಡಾಕ್ಟರು ಅವ್ವನನ್ನು ಗದರಿದರು, "ಅರಿಶಿನ, ಇಂಕು, ಬೆಣ್ಣೆ ಎಲ್ಲ ಯಾಕೆ ಮೆತ್ತಿದ್ರಿ? ಸುಟ್ಟ ತಕ್ಷಣ ತಣ್ಣೀರು ಸುರಿದಿದ್ರೆ ಬೆರಳು ಉಳೀತಿತ್ತು." ಅವ್ವ ಹಣೆಯ ಪಟ್ಟಿ ಮುಟ್ಟಿಕೊಂಡು, "ತಣ್ಣೀರು" ಎಂದು ಒಂದು ಸಲ ತನ್ನಷ್ಟಕ್ಕೇ ಹೇಳಿಕೊಂಡಳು. ಪೊಲೀಸರ ಹತ್ತಿರ ಹೋಗೋಣ ಎಂದು ನಾನು ಹಾರಾಡಿದೆ. ಅಣ್ಣ ಎಡಗೈಯಲ್ಲಿ ನನ್ನ ಕಾಲು ಹಿಡಿದುಕೊಂಡ. ಪೇಪರು ಅವರ ಹತ್ತಿರ ಇದೆ, ಬೇಡ ಎಂದ.

ಬಾಗಿಲಿಲ್ಲದ ಮನೆಯಲ್ಲಿ ಬದುಕಿದವರಿಗೇ ಅದು ಗೊತ್ತು. ಅವ್ವ ಗೋಣಿತಾಟು ಕಟ್ಟಿದಳು. ಗಾಳಿ ಬಂದಾಗಲೆಲ್ಲ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಹಿಂಗಾರು ಮಳೆ ಹಿಡಿದು ಇರಚಲು ನಡುಮನೆಯವರೆಗೆ ಬರುತ್ತಿತ್ತು. ನಾಯಿ ಒಳಗೆ ಬಂದು ಅನ್ನದ ಪಾತ್ರೆಗೆ ಬಾಯಿ ಹಾಕಿತು. ದಾರಿಯಲ್ಲಿ ಹೋಗುವವರು ಕುತ್ತಿಗೆ ಉದ್ದ ಮಾಡಿ ಒಳಗೆ ನೋಡುತ್ತಿದ್ದರು. ನಾನು ಶನಿವಾರ ಬಂದರೆ ಹೊಸಿಲಿನ ಮೇಲೆ ಕುಡುಗೋಲು ಇಟ್ಟುಕೊಂಡು ಕೂರುತ್ತಿದ್ದೆ. ಯಾರನ್ನಾದರೂ ಕಡಿಯಬೇಕು ಅನ್ನುವಷ್ಟು ಉರಿ ಇತ್ತು, ಅಣ್ಣನನ್ನೂ ಸೇರಿಸಿ.

ಅಂಥ ಒಂದು ಭಾನುವಾರ ಅವ್ವ ಅಲಸಂದೆಕಾಯಿ ಬಿಡಿಸುತ್ತ ಹೇಳಿದಳು: "ಮನೆಗೆ ಬಾಗ್ಲು ಇಡ್ಸನ ಕಣಮ್ಮಿ. ಶಾಸ್ತ್ರ ಮಾಡಿ, ಊರ್ ಕರ್ದು, ಅನ್ನ ಆಕ್ಬುಟ್ಟು ಇಡ್ಸನ."

ಹೊಸ ಮನೆ ಕಟ್ಟುವಾಗ ಬಾಗಿಲು ನಿಲ್ಲಿಸುವ ದಿನ ಪೂಜೆ ಮಾಡಿ ನೆಂಟರಿಗೆ ಊಟ ಹಾಕುವುದು ಉಂಟು. ಹಳೆ ಮನೆಗೆ ಯಾರೂ ಹಾಗೆ ಮಾಡಿದ್ದಿಲ್ಲ. ನಾನು ಅವ್ವನ ತಲೆ ಕೆಟ್ಟಿತು ಎಂದುಕೊಂಡೆ. ಅವಳು ಅಲಸಂದೆಕಾಯಿ ಬಿಟ್ಟು ಬೆರಳು ಮಡಚಿ ಹೇಳತೊಡಗಿದಳು. ಬೇಗೂರಿನ ಹೂವಿನ ಅಂಗಡಿ ನಿಂಗಮ್ಮನ ಮಗಳ ಮದುವೆಗೆ ಐವತ್ತೊಂದು. ಗುಂಡ್ಲುಪೇಟೆಯಲ್ಲಿ ದೊಡ್ಡಪ್ಪನ ಮಗನ ಮದುವೆಗೆ ನೂರೊಂದು, ಒಂದು ಸೇರು ಅಕ್ಕಿ. ಇಪ್ಪತ್ತು ವರ್ಷ ಅವಳು ಹೋದ ಮದುವೆ, ನಾಮಕರಣ, ಕಿವಿ ಚುಚ್ಚಿಸಿದ್ದು, ಎಲ್ಲಕ್ಕೂ ಇಟ್ಟ ಮುಯ್ಯಿ ಅವಳ ಬಾಯಲ್ಲಿತ್ತು. ಅಕ್ಷರ ಬಾರದವಳು. ನಾನು ಬರೆದುಕೊಳ್ಳುತ್ತ ಹೋದೆ, ಇನ್ನೂರು ಮನೆ ದಾಟಿತು. ಕಾರ್ಯವಿಲ್ಲದೆ ಮುಯ್ಯಿ ವಾಪಸು ಕೇಳುವುದು ಭಿಕ್ಷೆಗಿಂತ ಕಡೆ. ಕಾರ್ಯಕ್ಕೆ ಕರೆದರೆ, ಇಟ್ಟದ್ದಕ್ಕಿಂತ ಒಂದಿಷ್ಟು ಹೆಚ್ಚು ಸೇರಿಸಿ ತರುವುದು ಅವರ ಮೇಲಿನ ಹೊರೆ, ಅವರು ತಂದದ್ದನ್ನು ಅವರ ಕಾರ್ಯಕ್ಕೆ ತಿರುಗಿಸುವುದು ಮತ್ತೆ ನಮ್ಮ ಮೇಲಿನದು. ನಮ್ಮ ಮನೆಯಲ್ಲಿ ಅಪ್ಪ ಸತ್ತಾಗಿನಿಂದ ಒಂದೂ ಕಾರ್ಯವಾಗಿರಲಿಲ್ಲ. ಅಷ್ಟೂ ಮುಯ್ಯಿ ಹೊರಗೆ ಹಾಗೇ ನಿಂತಿತ್ತು.

"ಮಾನ ಕಳೀತೀವಿ ಅಂತ ತಾನೆ ಬಾಗ್ಲು ಕಿತ್ಕಂಡೋಗಿದ್ದು? ಅದೇ ಬಾಗ್ಲಲ್ಲಿ ದುಡ್ ಬರ್ಲಿ" ಎಂದಳು ಅವ್ವ. ಅವತ್ತು ಮೊದಲ ಸಲ ನನಗೆ ಅವ್ವನ ಮೇಲೆ ಭಯಭಕ್ತಿ ಎರಡೂ ಬಂದವು.

ಮರಕ್ಕೆ ದುಡ್ಡಿರಲಿಲ್ಲ. ಅಣ್ಣನೇ, "ಚರಕ ಒಡೀರಿ, ಇನ್ ನನ್ಗ್ಯಾತಕ್ಕೆ" ಎಂದ. ಆಚಾರಿ ಚರಕದ ಕಟ್ಟು, ಹಲಗೆ, ಶೆಡ್ಡಿನ ಬೆಂಚು ಎಲ್ಲ ಸೇರಿಸಿ ಒಂದು ಬಾಗಿಲು ಹೊಂದಿಸಿದ. ಒಂದೊಂದು ಹಲಗೆ ಒಂದೊಂದು ಬಣ್ಣ. ಅವ್ವ ಕಿವಿಯ ಓಲೆ ಮಾರಿ ಅಡುಗೆ ಸಾಮಾನು ತಂದಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಪಕ್ಕದ ಮನೆಯವಳು ನಮಗೆ ಕೇಳುವ ಹಾಗೇ ಅಂದಳು. ವಿಜಯದಶಮಿ ಕಳೆದ ಭಾನುವಾರ ಗೊತ್ತುಮಾಡಿ, ಅವ್ವ, ನಾನು ಎಲೆ ಅಡಿಕೆ ಹಿಡಿದು ಊರೂರು ತಿರುಗಿದೆವು. ಕೊನೆಗೆ ಹರದನಹಳ್ಳಿ. ಅಲ್ಲಿ ಅವ್ವ ಒಂದು ಮನೆಯ ಮುಂದೆ ನಿಂತಾಗ ನನ್ನ ಮೈ ಉರಿಯಿತು. ಅದು ಜವರನ ಮನೆ.

"ಅವ್ವಾ, ಅಣ್ಣನ ಕೈ ಬೇಯಿಸಿದವನ ಮನೆಗಾ?"

"ಕೈ ಬೇಯ್ಸಿದ್ದು ಅಂವ. ಮುಯ್ಯಿ ತಕಂಡದ್ದು ಅವ್ರವ್ವ. ಅವ್ನ ತಂಗಿ ಮದ್ವೇಲಿ ನೂರ್ರೂಪಾಯಿ ಆಕಿವ್ನಿ. ಕರೀದೆ ಬುಟ್ರೆ ನಂಗೆ ಉಂಡದ್ದು ಅರಗಕಿಲ್ಲ."

ಜವರನ ಅವ್ವ ಎಲೆ ಅಡಿಕೆ ಇಸಿದುಕೊಂಡಳು. ನಮ್ಮ ಮುಖ ನೋಡಲಾರದೆ ನೆಲ ನೋಡುತ್ತ, "ಬತ್ತೀವಿ ಓಗವ್ವ" ಎಂದಳು. ನಾನು ದಾರಿಯುದ್ದಕ್ಕೂ ಅವ್ವನ ಜೊತೆ ಮಾತು ಬಿಟ್ಟೆ.

ಆ ಭಾನುವಾರ ಬೆಳಗಿನಿಂದಲೇ ಮಳೆ. ಇಂಥ ಮಳೆಯಲ್ಲಿ ಯಾರು ಬರುತ್ತಾರೆ ಎಂದು ಗಳಿಗೆಗೊಮ್ಮೆ ಬೀದಿ ನೋಡುತ್ತಿದ್ದೆ. ಆದರೂ ಬಂದರು. ಗೋಣಿಕೊಪ್ಪೆ ಹೊದ್ದು, ಕೊಡೆ ಹಿಡಿದು, ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದರು. ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಕಾಯಿ ಒಡೆದರು. ನಾನು ನಡುಮನೆಯಲ್ಲಿ ಟ್ರಂಕು ಮುಂದಿಟ್ಟುಕೊಂಡು ಮುಯ್ಯಿ ಬರೆಯಲು ಕೂತೆ. ಯಾರೂ ಸಾಲದ ಮಾತೆತ್ತಲಿಲ್ಲ. ಒದ್ದೆ ನೋಟು ಬಿಡಿಸಿ, "ಬರ್ಕಳವ್ವ, ಬಾಗ್ಲು ಚೆನ್ನಾಗದೆ" ಎಂದು ಹೇಳಿ ಊಟಕ್ಕೆ ಹೋಗುತ್ತಿದ್ದರು. ಚೆನ್ನಾಗಿರಲಿಲ್ಲ ಆ ಬಾಗಿಲು. ಆದರೆ ಅವರ ಬಾಯಲ್ಲಿ ಹಾಗೆ ಕೇಳಿ ಕೇಳಿ ನನಗೆ ಅಳು ಬಂತು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಟ್ರಂಕಿನಲ್ಲಿ ಇಪ್ಪತ್ತನಾಲ್ಕು ಸಾವಿರದ ಹತ್ತಿರ ಇತ್ತು. ಮನೆ ಉಳಿಯಿತು ಎಂದುಕೊಂಡೆ.

ಆಗ ಜವರ ಬಂದ. ಒಬ್ಬನೇ. ಚಪ್ಪಲಿ ಬಾಗಿಲಾಚೆ ಬಿಟ್ಟು, ಒದ್ದೆ ತಲೆ ಒರೆಸಿಕೊಂಡು, ನನ್ನ ಮುಂದೆ ನಿಂತು, "ಜವರ, ಹರದನಳ್ಳಿ. ನೂರಿಪ್ಪತ್ತೈದು. ಬರ್ಕಳಿ" ಎಂದ. ನೂರಕ್ಕೆ ಇಪ್ಪತ್ತೈದು ಸೇರಿಸಿ, ಪದ್ಧತಿ ತಪ್ಪಲಿಲ್ಲ. ಬರೆದೆ. ಪಂಕ್ತಿಯಲ್ಲಿ ಅವನಿಗೆ ಎಡೆ ಹಾಕಿದರು. ಅವ್ವನೇ ಹೋಗಿ ಪಾಯಸ ಬಡಿಸಿದಳು. ಅವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಕೈ ತೊಳೆದು ಬಂದ.

"ಊಟ ಚೆಂದಾಗಿತ್ತು ಕಣವ್ವ" ಎಂದ ಅವ್ವನಿಗೆ. "ನಮ್ ಮನೆ ಮುಯ್ಯಿ ತೀರ್ತು. ಈಗ ನಾನು ಸಾವ್ಕಾರ್ರ ಆಳು." ಬಗ್ಗಿ ಟ್ರಂಕು ಎತ್ತಿ ಹೆಗಲಿಗಿಟ್ಟ.

ಉಂಡೂ ಹೋದ ಕೊಂಡೂ ಹೋದ ಎನ್ನುವ ಮಾತನ್ನು ಅಲ್ಲಿಯವರೆಗೆ ಗಾದೆ ಎಂದಷ್ಟೇ ತಿಳಿದಿದ್ದೆ. ಅಮಾವಾಸ್ಯೆಗೆ ಮೂರು ವಾರವೂ ಇರಲಿಲ್ಲ. ಟ್ರಂಕು ಹೋದರೆ ಮನೆಯೂ ಹೋಯಿತು, ಪುಟ್ಟಪ್ಪ ಕಳಿಸಿದ್ದೇ ಅದಕ್ಕೆ. ಅಣ್ಣ ಅಡ್ಡ ಹೋಗಿ ಎಡಗೈಯಲ್ಲಿ ಟ್ರಂಕಿನ ಹಿಡಿ ಹಿಡಿದ. ಜವರ ಅವನ ಹೊಟ್ಟೆಗೆ ಒದ್ದ. ಅಣ್ಣ ಹೊಸ ಬಾಗಿಲಿಗೆ ಬಡಿದು ಬಿದ್ದ, ಒಂದು ಹಲಗೆ ಲಟಕ್ಕನೆ ಸೀಳಿತು. ಜವರ ಬಿದ್ದವನ ಬೆಂದ ಕೈಯನ್ನೇ ತುಳಿದು ನಿಂತ. ಅಣ್ಣ ಮತ್ತೆ ಅದೇ ದನಿಯಲ್ಲಿ ಕಿರುಚಿದ. ನೂರಾರು ಜನ ಎಂಜಲು ಕೈಯಲ್ಲಿ ನಿಂತು ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಪುಟ್ಟಪ್ಪನ ಸಾಲಗಾರರೇ, ಯಾರೂ ಅಲುಗಲಿಲ್ಲ.

ಹಿತ್ತಲ ಶೆಡ್ಡಿನಲ್ಲಿ ಪಾತ್ರೆ ತೊಳೆಯಲು ಅಣ್ಣನ ಬಾನಿಯಲ್ಲೇ ನೀರು ಕಾಯಿಸಲು ಇಟ್ಟಿದ್ದರು. ಎಷ್ಟು ಹುಣಿಸೆಹಣ್ಣು ಹಾಕಿ ಉಜ್ಜಿದರೂ ಕಾದಾಗ ಆ ಬಾನಿಯಿಂದ ಹುಳುವಿನ ವಾಸನೆ ಏಳುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದು, ಬಕೆಟ್ಟು ಅದ್ದಿದ್ದು, ಓಡಿಬಂದದ್ದು ನೆನಪಿದೆ. ಯೋಚಿಸಿದ್ದು ನೆನಪಿಲ್ಲ. ಜವರ ಹೊಸಿಲು ದಾಟುತ್ತಿದ್ದ.

"ಲೋ ಜವರಾ!" ಎಂದೆ. ಅವನು ತಿರುಗಿದ. ಎರಚಿದೆ.

ಟ್ರಂಕು ಅಂಗಳಕ್ಕೆ ಬಿದ್ದು ಬಾಯಿ ಬಿಟ್ಟಿತು. ಅವನು ಕೆಸರಿನಲ್ಲಿ ಹೊರಳಿದ. ಈ ಸಲ ಆ ದನಿ ಅವನದಾಗಿತ್ತು. ನಾನು ಬಕೆಟ್ಟಿನ ತಳದಲ್ಲಿ ಉಳಿದದ್ದನ್ನೂ ಸುರಿಯಲು ಹೋದೆ. ಖುಷಿಯಾಗಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಸಾಯಲಿ ಎಂದೇ ಇತ್ತು ಮನಸ್ಸಿನಲ್ಲಿ.

ಅವ್ವ ನನ್ನ ಕೈಯಿಂದ ಬಕೆಟ್ಟು ಕಿತ್ತು ಎಸೆದು, ಕೆನ್ನೆಗೆ ಬಿಟ್ಟಳು. "ಉಂಡ್ ಮನುಸನ್ ಮ್ಯಾಲೆ ಉಯ್ತೀಯೇನೇ ಮುಂಡೆ!" ಎಂದವಳೇ, ಕೈ ತೊಳೆಯಲು ಇಟ್ಟಿದ್ದ ಹಂಡೆಯಿಂದ ತಣ್ಣೀರು ಮೊಗೆದು ಮೊಗೆದು ಅವನ ಮೇಲೆ ಸುರಿಯತೊಡಗಿದಳು. "ತಣ್ಣೀರು ತನ್ರಪ್ಪೋ, ಇನ್ನೂ ತಣ್ಣೀರು ತನ್ರೋ" ಎಂದು ಅಳುತ್ತ ಕೂಗಿದಳು. ಜನ ಆಗ ಅಲುಗಿದರು. ಬಾವಿಯಿಂದ ಕೊಡ ಕೊಡ ನೀರು ಬಂತು. ಮಗನ ಕೈಗೆ ಸುರಿಯಲಾಗದ ನೀರನ್ನೆಲ್ಲ ಅವ್ವ, ಆ ಕೈ ಬೇಯಿಸಿದವನ ಮೇಲೆ ಸುರಿದಳು. ಹೆಂಗಸರು ಕೆಸರಿನಿಂದ ನೋಟು ಆಯ್ದು ಸೆರಗಿನಲ್ಲಿ ಒರೆಸಿ ಟ್ರಂಕಿಗೆ ಹಾಕಿದರು. ಲೆಕ್ಕ ಮತ್ತೆ ಸರಿಯಾಗಿ ಕೂಡಲಿಲ್ಲ, ಆದರೂ ಸಾಕಾಗುವಷ್ಟಿತ್ತು.

ಮಾರನೆಯ ದಿನ ನಮ್ಮ ಹೆಡ್ ಮೇಷ್ಟರು, ಊರಿನ ನಾಲ್ಕು ಜನ ಹಿರಿಯರು ಪುಟ್ಟಪ್ಪನ ಮನೆಗೆ ನಮ್ಮ ಜೊತೆಗೆ ಬಂದರು. ನೆಂಟರು ಕೂಡಿ ತಂದ ದುಡ್ಡು, ಎಲ್ಲರ ಕಣ್ಣೆದುರು ಎಣಿಸಿದ ದುಡ್ಡು. ಪುಟ್ಟಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಪೇಪರು ವಾಪಸು ಕೊಟ್ಟ, ಅವ್ವ ಅಲ್ಲೇ ಹರಿದು ಬಾಯಿಗೆ ಹಾಕಿ ಜಗಿದು ಉಗಿದಳು. ನಮ್ಮ ಹಲಸಿನ ಬಾಗಿಲು ಅವನ ದನದ ಕೊಟ್ಟಿಗೆಯಲ್ಲಿತ್ತು. ಒಯ್ಯಿರಿ ಎಂದ. "ನಮ್ ಮನೇಗೆ ಬಾಗ್ಲು ನಿಂತದೆ" ಎಂದು ಹೇಳಿ ಅವ್ವ ತಿರುಗಿ ನೋಡದೆ ಬಂದಳು. ಆ ಸೀಳಿದ ಹಲಗೆಯ ಬಾಗಿಲೇ ಇವತ್ತಿಗೂ ಇದೆ. ಅಣ್ಣ ಎಡಗೈಯಲ್ಲಿ ಬರೆಯಲು ಕಲಿತು, ಶೆಡ್ಡಿನಲ್ಲಿ ದಿನಸಿ ಅಂಗಡಿ ಇಟ್ಟ.

ಜವರ ಪೊಲೀಸರಿಗೆ ಹೇಳಲಿಲ್ಲ. ಉಂಡ ಮನೆಯಲ್ಲಿ ಕೈ ಎತ್ತಿದ್ದಕ್ಕೆ ಅವನ ಅವ್ವನೇ ಅವನಿಗೆ ಅನ್ನ ಹಾಕುವುದು ಬಿಟ್ಟಿದ್ದಳಂತೆ. ಪುಟ್ಟಪ್ಪನ ಕೆಲಸ ಬಿಟ್ಟು ಗಾರೆ ಕೆಲಸಕ್ಕೆ ಹೋದ. ಸುಟ್ಟ ಗುರುತಿನವನಿಗೆ ಹೆಣ್ಣು ಸಿಕ್ಕುವುದು ತಡವಾಯಿತು. ಕೊನೆಗೆ ಯಾರನ್ನೂ ಕರೆಯದೆ ಗುಡಿಯಲ್ಲಿ ತಾಳಿ ಕಟ್ಟಿದ ಎಂದು ಕೇಳಿದೆ. ನನಗೆ ಆಗ ಪಶ್ಚಾತ್ತಾಪವಾಗಲಿಲ್ಲ. ಆದದ್ದು ಎಷ್ಟೋ ವರ್ಷಗಳ ಮೇಲೆ, ನನ್ನ ಮಗುವಿನ ಸ್ನಾನಕ್ಕೆ ನೀರು ಹದ ನೋಡುವಾಗ. ಅವ್ವ ಸಾಯುವ ಮುಂಚೆ ಬೆರಳು ಮಡಚಿ ಎಲ್ಲರ ಮುಯ್ಯಿ ಒಪ್ಪಿಸಿದಳು, ಯಾರದು ತೀರಿತು, ಯಾರದು ಉಳಿಯಿತು ಎಂದು. ಕೊನೆಯ ಬೆರಳು ಬಿಡಿಸದೆ, "ಜವರಂದು ನೂರಿಪ್ಪತ್ತೈದು ನಮ್ ಮ್ಯಾಲದೆ ಕಣಮ್ಮಿ" ಎಂದಳು.

ಹೋದ ತಿಂಗಳು ಲಗ್ನಪತ್ರಿಕೆ ಬಂತು. ಮೇಲೆ ಯಾರದೋ ಮಗುವಿನ ಅಕ್ಷರದಲ್ಲಿ, ಬೇಗೂರಿನ ಟೀಚರಮ್ಮನಿಗೆ ಎಂದಿತ್ತು.

ಕಲ್ಲಿನಿಂದ ಎದ್ದು ಚಪ್ಪರಕ್ಕೆ ಹೋದೆ. ಬಾಗಿಲಲ್ಲಿ ನಿಂತಿದ್ದ ಜವರ ನನ್ನನ್ನು ನೋಡಿ ತಕ್ಷಣ ಗುರುತು ಹಿಡಿದ. ತಲೆ ನರೆತಿತ್ತು. ಶಾಲು ಎಡಗಡೆಗೆ ಎಳೆದುಕೊಂಡ. "ಬನ್ನಿ ಟೀಚರಮ್ಮ" ಎಂದ. ಮುಯ್ಯಿ ಬರೆಯುತ್ತಿದ್ದ ಕಾಲೇಜು ಹುಡುಗಿಯ ಮುಂದೆ ಐದು ಸಾವಿರದ ಒಂದು ಇಟ್ಟು, ಅವ್ವನ ಹೆಸರು ಬರೆಸಿದೆ. ಪಂಕ್ತಿಯಲ್ಲಿ ಕೂತು ಉಂಡೆ. ಎಲೆ ಮಡಚಿ ಎದ್ದು ಕೈ ತೊಳೆಯುವ ಕಡೆ ಹೋದರೆ, ಅಲ್ಲಿ ಜವರನೇ ಚೊಂಬು ಹಿಡಿದು ನಿಂತಿದ್ದ. ಹೆಣ್ಣಿನ ಅಪ್ಪ ಮಾಡುವ ಕೆಲಸವಲ್ಲ ಅದು.

ಕೈ ಮುಂದೆ ಮಾಡಿದೆ. ಅವನು ಚೊಂಬು ಬಗ್ಗಿಸಿದ. ನೀರು ತಾಗುವ ಮೊದಲೇ ನನ್ನ ಎರಡೂ ಕೈ ಹಿಂದಕ್ಕೆ ಸರಿದವು.

"ತಣ್ಣೀರು ಕಣಮ್ಮ" ಎಂದ ಜವರ. "ನಿಮ್ಮವ್ವ ಉಯ್ದಂಗೆ ಬರೀ ತಣ್ಣೀರು. ಇಡ್ಕಳಿ."